ಗುಂಡಿನೊಳಗಿನ ಗಾಜು

ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, ಬಸ್ಸು ಹೋಯಿತೇ ಎಂದು ಕೇಳುವಷ್ಟು ಸಲೀಸಾಗಿ, “ನಮ್ಮ ಸೈನ್ಸ್ ಮಾಸ್ತ್ರು ಹೋದ್ರಂತೆ ಸರ್, ನಿಮ್ಗೆ ಗೊತ್ತಾತಾ?” ಎಂದ. ನನಗೆ ಗೊತ್ತಿರಲಿಲ್ಲ. ಸಾವಿನ ಸುದ್ದಿ ಕೇಳಿದಾಗ ದುಃಖವಾಗಬೇಕು. ನನಗೆ ಮೊದಲು ಆದದ್ದು ನಾಚಿಕೆ. ದುಃಖ ಬಂದದ್ದು ಬಸ್ಸು ಹತ್ತಿ ಕೂತ ಮೇಲೆ, ಹೊನ್ನಾವರ ಹತ್ತಿರವಾದಾಗ. ಅವರ ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತು ಕೂತು, ಅವರಿಗಿದ್ದ ನಾಚಿಕೆ ನನಗೂ ಅಂಟಿಕೊಂಡಿರಬೇಕು. ಅವರು ಹೋದರೂ ಅದು ನನ್ನಲ್ಲಿ ಉಳಿದಿದೆ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಸಭೆಯಲ್ಲಿ ಯಾರಾದರೂ ಅವರ ಹೆಸರನ್ನು ಗಟ್ಟಿಯಾಗಿ ಹೇಳಿದರೆ ಸಾಕು, ತಲೆ ತಗ್ಗಿಸಿ ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಹೊಗಳಿದರಂತೂ ಕತೆ ಮುಗಿಯಿತು, ಮಾಲು ಸಮೇತ ಸಿಕ್ಕಿಬಿದ್ದ ಕಳ್ಳನ ಹಾಗೆ ಬೆವರುತ್ತಿದ್ದರು. ಅಂಥವರ ಹೆಸರನ್ನು ಸತ್ತ ಮೇಲೆ ಅಚ್ಚು ಹಾಕಿಸಿ ನಾನು ಸಾಧಿಸುವುದೇನೂ ಇಲ್ಲ.

ನಾನು ಹೊನ್ನಾವರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದಾಗ ಅವರು ನಮ್ಮಲ್ಲಿಗೆ ಬಂದರು. ಉಳಿದ ಮಾಸ್ತರರಿಗೆ ಓದು ಸಾಲದೆಂಬ ದೂರು. ಇವರಿಗೆ ಓದು ಹೆಚ್ಚಾಯಿತೆಂಬ ದೂರು. ಮುಂಬೈಯಲ್ಲಿ ಕಲಿತು, ವಿಲಾಯತಿಗೆ ಹೋಗಿ ರೇಡಿಯೋ ವಿದ್ಯೆ ಓದಿ, ಮಹಾಯುದ್ಧದ ವರ್ಷಗಳನ್ನೆಲ್ಲ ಅಲ್ಲೇ ಕಳೆದು ಬಂದ ಮನುಷ್ಯ, ಹೆಂಚಿನ ಮಾಡು ಸೋರುವ ನಮ್ಮ ಶಾಲೆಗೆ ಯಾಕೆ ಬಂದರು ಎಂದು ಊರೆಲ್ಲ ತಲೆ ಕೆರೆದುಕೊಂಡಿತು. ಬಿಳಿ ಹೆಂಡತಿಯನ್ನು ಬಿಟ್ಟು ಓಡಿಬಂದಿದ್ದಾರೆ ಎಂದು ನಮ್ಮ ಡ್ರಾಯಿಂಗ್ ಮಾಸ್ತರು ಪತ್ತೆ ಹಚ್ಚಿದರು. ಇವರಿಗೆ ಬಿಳಿಯದೂ ಇರಲಿಲ್ಲ, ಕರಿಯದೂ ಇರಲಿಲ್ಲ. ಮುರ್ಡೇಶ್ವರದ ಹತ್ತಿರದ ಹಳ್ಳಿಯಲ್ಲಿ ತಾಯಿಯೊಬ್ಬಳಿದ್ದಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ದೋಣಿಯಲ್ಲಿ ಹೊಳೆಯ ತಾರಿ ದಾಟಿ ಭಟ್ಕಳದ ಬಸ್ಸು ಹಿಡಿಯುತ್ತಿದ್ದರು.

ಅವರ ಪಾಠವೆಂದರೆ ಮಕ್ಕಳಿಗೆ ಹಬ್ಬ. ಒಂದು ದಿನ ಇಡೀ ತರಗತಿಯನ್ನು ಶರಾವತಿಯ ದಂಡೆಗೆ ನಡೆಸಿಕೊಂಡು ಹೋದರು. ಗೇರುಸೊಪ್ಪೆ ಕಡೆಯಿಂದ ಲಾಂಚು ಸಿಳ್ಳೆ ಹಾಕುತ್ತ ಬರುತ್ತಿತ್ತು. “ಕಣ್ಣು ಮುಚ್ಚಿ. ಬರ್ತಾ ಇದ್ಯೋ ಹೋಗ್ತಾ ಇದ್ಯೋ ಹೇಳಿ,” ಎಂದರು. ಬರುವಾಗ ಸಿಳ್ಳೆಯ ದನಿ ಸಣ್ಣ, ದಾಟಿ ಹೋದಾಗ ದಪ್ಪ. ಮಕ್ಕಳು ಕೂಗಿ ಕೂಗಿ ಹೇಳಿದವು. ಒಬ್ಬಳು ಹುಡುಗಿ, “ಸರ್, ಇದ್ರಿಂದ ಎಂತ ಉಪಯೋಗ?” ಎಂದು ಕೇಳಿದಳು. ಕಲಿಸುವವನಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಇವರ ಮುಖ ಬಾಡಿತು. “ಉಪಯೋಗ ಬೇಡ. ಕೇಳಿ ಸುಮ್ಮನಿರಿ, ಸಾಕು,” ಎಂದು ಎಲ್ಲರನ್ನೂ ಶಾಲೆಗೆ ಕರೆದುಕೊಂಡು ಬಂದರು.

ರೇಡಿಯೋ ಓದಿದವರೆಂದು ಊರಿನ ಕೆಟ್ಟ ರೇಡಿಯೋಗಳೆಲ್ಲ ಅವರ ಬಾಗಿಲಿಗೆ ಬರುತ್ತಿದ್ದವು, ಬಂದಂತೆ ವಾಪಸು ಹೋಗುತ್ತಿದ್ದವು. ಹೆಡ್ಮಾಸ್ತರರ ಮನೆಯ ರೇಡಿಯೋ ಕೆಟ್ಟಾಗಲೂ, “ನನಗೆ ಬರೂದಿಲ್ಲ ಸರ್,” ಎಂದುಬಿಟ್ಟರು. ಸುಳ್ಳು ಹೇಳಲು ಬಾರದವರು ಹೇಳಿದ ಸುಳ್ಳು ಎಂದು ಹೆಡ್ಮಾಸ್ತರರಿಗೂ ಗೊತ್ತಾಯಿತು. ಅಲ್ಲಿಂದ ಮುಂದೆ ಇವರಿಗೆ ಬಿಸಿಲು ಹೊಡೆಯುವ ಕೋಣೆಯೇ ತರಗತಿಗೆ ಸಿಕ್ಕಿತು.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಮಕ್ಕಳನ್ನು ಇಡಗುಂಜಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು. ಯಾವುದೋ ಮದುವೆಯವರು ಗರ್ನಾಲು ಸಿಡಿಸಿದರು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹೊಡೆಯುವ ಅದರ ಸದ್ದು ಎದೆಗೇ ಬಡಿಯುತ್ತದೆ. ನಾವೆಲ್ಲ ಕಿವಿ ಮುಚ್ಚಿಕೊಂಡು ಸದ್ದು ಬಂದ ಕಡೆ ತಿರುಗಿದೆವು. ಇವರೊಬ್ಬರು ಮೇಲೆ ನೋಡಿದರು. ಮರದ ಕೊಂಬೆಯಷ್ಟು ಎತ್ತರದಲ್ಲಿ, ಏನೂ ಇಲ್ಲದ ಆಕಾಶ ನೋಡಿದರು; ಪಕ್ಕದಲ್ಲಿದ್ದ ಮಗುವಿನ ತಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಹಿಡಿದದ್ದು ಅವರಿಗೇ ತಡವಾಗಿ ಗೊತ್ತಾಗಿ, ಮಗುವಿನ ತಲೆ ಸವರಿದಂತೆ ಮಾಡಿ ಕೈ ತೆಗೆದರು. ನಾನು ನೋಡಿದ್ದನ್ನು ಅವರೂ ನೋಡಿದರು. ಆ ದಿನ ಪ್ರಸಾದ ಕೂಡ ತಿನ್ನಲಿಲ್ಲ.

ಹೀಗೆ ಇರುತ್ತ ಚೀನದ ಜೊತೆ ಯುದ್ಧ ಬಂತು. ಹಿಮದಲ್ಲಿ ನಮ್ಮ ಹುಡುಗರು ಸತ್ತರು. ಅವರಲ್ಲಿ ಒಬ್ಬ ನಮ್ಮ ಕಡೆಯವನೇ, ಹೊನ್ನಾವರಕ್ಕೂ ಕುಮಟೆಗೂ ನಡುವಿನ ಹಳ್ಳಿಯವನು, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಕುಮಟೆಯಲ್ಲಿ ಶೋಕಸಭೆ ನಡೆಯಿತು. ಎಲ್ಲರೂ ಆವೇಶದಿಂದ ಮಾತಾಡಿದರು, ನಾನೂ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆನೆಂದು ಆಗ ಅನ್ನಿಸಿತ್ತು.

ಯುದ್ಧ ನಿಂತ ಮೇಲೆ ಒಂದು ದಿನ ಸರಕಾರಿ ಜೀಪು ಶಾಲೆಯ ಅಂಗಳಕ್ಕೆ ಬಂದಿತು. ಇಳಿದವರು ದಿಲ್ಲಿ ಕಡೆಯ ಅಧಿಕಾರಿ. ಹೆಡ್ಮಾಸ್ತರರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಮ್ಮ ಸೈನ್ಸ್ ಮಾಸ್ತರರ ಜೊತೆ ಮಾತಾಡಿ ಹೋದರು. ಗುಟ್ಟಿನ ಮಾತು. ನಮ್ಮ ಹೆಡ್ಮಾಸ್ತರರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತಿದ್ದದ್ದು ಮಧ್ಯಾಹ್ನದ ಊಟದ ತನಕ. ಸಂಜೆಯೊಳಗೆ ಹೊನ್ನಾವರದ ಪೇಟೆಗೆಲ್ಲ ಗೊತ್ತಾಯಿತು: ನಮ್ಮ ಮಾಸ್ತರು ಮಹಾಯುದ್ಧದಲ್ಲಿ ತೋಪಿನ ಗುಂಡಿಗೆ ರೇಡಿಯೋ ಕೂರಿಸಿದವರಂತೆ; ಸರಕಾರ ಅವರನ್ನು ಅದೇ ಕೆಲಸಕ್ಕೆ ಕರೆಯುತ್ತಿದೆಯಂತೆ; ಬಂಗಲೆ ಕೊಡುತ್ತಾರಂತೆ. ಮರುದಿನ ಪೇಟೆಯಲ್ಲಿ ಅವರನ್ನು ಕಂಡವರೆಲ್ಲ ಕೈ ಮುಗಿದರು. ಅದರ ಮರುದಿನ ಇನ್ನೊಂದು ಸುದ್ದಿ ಹರಡಿತು: ಮಾಸ್ತರು ಹೋಗುವುದಿಲ್ಲ ಎಂದರಂತೆ. ಉಬ್ಬಸದ ಕಾಯಿಲೆ ಇದೆ ಎಂದರಂತೆ. ಅವರಿಗೆ ಉಬ್ಬಸ ಇರಲಿಲ್ಲ.

ಆ ಶನಿವಾರ ತಾರಿಯಲ್ಲಿ ನಾನೂ ಅವರ ಜೊತೆ ಹೋದೆ. ಆಚೆ ದಡದ ಕಾಸರಕೋಡಿನಲ್ಲಿ ನನಗೆ ಕೆಲಸವೇನೂ ಇರಲಿಲ್ಲ. “ಉಬ್ಬಸ ಯಾವಾಗಿನಿಂದ?” ಎಂದು ಕೆಣಕಿದೆ. ಅವರು ನಗಲಿಲ್ಲ. ದೋಣಿಯವನು ಆ ತುದಿಯಲ್ಲಿ ಗಳ ಹಾಕುತ್ತಿದ್ದ. ಹೊಳೆಯ ನಡುವೆ ಅವರು ಹೇಳತೊಡಗಿದರು.

ತೋಪಿನ ಗುಂಡು ಎರಡು ಬಗೆಯದಂತೆ. ಒಂದು, ತಾಗಿದರೆ ಸಿಡಿಯುವುದು. ಇನ್ನೊಂದು, ಇಷ್ಟು ಹೊತ್ತಿಗೆ ಸಿಡಿಯಲಿ ಎಂದು ಮೊದಲೇ ತಿರುಪಿ ಬಿಡುವುದು. ಹಾರುವ ವಿಮಾನಕ್ಕೆ ಎರಡೂ ಸಾಲದು. ತಾಗುವುದು ಅಪರೂಪ, ಹೊತ್ತು ಲೆಕ್ಕ ಹಾಕುವುದು ಬರೀ ಅಂದಾಜು. ಹಾಗಾಗಿ ಗುಂಡಿನ ಮೂತಿಯಲ್ಲಿ ಪುಟ್ಟ ರೇಡಿಯೋ ಇಟ್ಟರು. ಗುಂಡು ಹಾರುತ್ತ ಹಾರುತ್ತ ಅಲೆ ಕಳಿಸುತ್ತದೆ. ಎದುರಿಗೆ ಏನಾದರೂ ಇದ್ದರೆ ಅಲೆ ತಗಲಿ ಹಿಂದೆ ಬರುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಸೇರಿದಾಗ ಒಂದು ಬಡಿತ ಏಳುತ್ತದೆ. ಹತ್ತಿರವಾದಷ್ಟೂ ಬಡಿತ ಜೋರು. ಸಾಕಷ್ಟು ಜೋರಾದ ಕೂಡಲೇ ಗುಂಡು ತಾನೇ ಸಿಡಿಯುತ್ತದೆ. “ತಾಗಬೇಕಾಗಿಲ್ಲ. ಹತ್ತಿರ ಬಂದ್ರೆ ಸಾಕು,” ಎಂದರು.

“ಭಲೇ!” ಎಂದುಬಿಟ್ಟೆ. ಅವರು ತಿರುಗಿ ನನ್ನ ಮುಖ ನೋಡಿದರು.

“ಹೌದು. ನಾವೂ ಹಾಗೇ ಅಂತಿದ್ದೆವು,” ಎಂದರು. ಅವರ ಕೆಲಸ ರೇಡಿಯೋದ ವಾಲ್ವಿನದು. ಕಿವುಡರ ಕಿವಿಯಂತ್ರಕ್ಕೆಂದು ಮಾಡಿದ ಕಿರುಬೆರಳಿಗಿಂತ ಸಣ್ಣ ಗಾಜಿನ ವಾಲ್ವು. ತೋಪು ಹಾರಿಸಿದಾಗ ಬೀಳುವ ಏಟಿಗೆ ಅದು ಹಿಟ್ಟಾಗಬಾರದು. ಗುಂಡಿನೊಳಗೆ ವಾಲ್ವು ಇಟ್ಟು ನೆಟ್ಟಗೆ ಆಕಾಶಕ್ಕೆ ಹೊಡೆಯುವುದು, ಅದು ಬಂದು ಬಿದ್ದ ಗದ್ದೆಯಲ್ಲಿ ಗುದ್ದಲಿ ಹಿಡಿದು ಅಗೆಯುವುದು, ಬಿಚ್ಚಿ ನೋಡುವುದು. ತಿಂಗಳುಗಟ್ಟಲೆ ಗಾಜಿನ ಪುಡಿಯೇ. ಒಂದು ದಿನ ಅಗೆದು ತೆಗೆದ ವಾಲ್ವಿಗೆ ಬ್ಯಾಟರಿ ಕೊಟ್ಟರೆ ಹೊತ್ತಿಕೊಂಡಿತು. ಇವರು ಕೆಸರಿನಲ್ಲೇ ಕುಣಿದರಂತೆ. ಆ ಬಿಗಿಮುಖದ ಮನುಷ್ಯ ಕುಣಿದದ್ದನ್ನು ಊಹಿಸಲು ನನಗೆ ಸಾಧ್ಯವಾಗಲಿಲ್ಲ.

“ಮೊದಮೊದಲು ನಮ್ಮ ಮನೆಗಳ ಮೇಲೆ ಬೀಳೂಕೆ ಹಾರಿ ಬರುವ ಬಾಂಬುಗಳಿಗೆ ಮಾತ್ರ ಅದನ್ನು ಹೊಡೀತಿದ್ರು. ಅಲ್ಲಿಯವರೆಗೆ ನನಗೆ ಹೆಮ್ಮೆಯೇ ಇತ್ತು, ಸುಳ್ಳು ಹೇಳೂದಿಲ್ಲ. ಆಮೇಲೆ ನೆಲದ ಮೇಲಿನ ಸೈನ್ಯಕ್ಕೆ ಹೊಡೆದರು. ನೆಲವೂ ಅಲೆಯನ್ನು ವಾಪಸು ಕಳಿಸ್ತದಲ್ಲ. ಕಂದಕದಲ್ಲಿ ಅಡಗಿ ಮಲಗಿದವರ ತಲೆಯ ಮೇಲೆ, ಇಷ್ಟೆತ್ತರದಲ್ಲಿ ಸಿಡೀತು. ಅಡಗಿಕೊಳ್ಳೂಕೆ ಜಾಗವೇ ಉಳೀಲಿಲ್ಲ ಅವರಿಗೆ. ಸುದ್ದಿ ಬಂದ ದಿನ ನಮ್ಮ ದೊಡ್ಡ ಸಾಹೇಬರು ಎಲ್ಲರನ್ನೂ ಕರೆದು ಓದಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಯಾರೂ ನನಗೆ ತಟ್ಟು ಅಂದಿರಲಿಲ್ಲ.”

ಯುದ್ಧವೆಂದರೆ ಹಾಗೇ ಅಲ್ಲವೇ, ಎದುರಿನವರೇನು ಕಡಿಮೆಯೇ, ಎಂದು ನಾನು ಏನೇನೋ ಹೇಳಿದೆ. ದಡ ಬಂದಾಗ, “ಅದೆಲ್ಲ ಸರಿ ಮಾಸ್ತ್ರೇ. ಆದ್ರೆ ನನಗೆ ಅಷ್ಟು ಖುಷಿಯಾಗಬಾರದಿತ್ತು,” ಎಂದು ಹೇಳಿ ಬಸ್ಸಿನ ಕಡೆ ನಡೆದರು.

ಊರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳುವ ವ್ಯವಧಾನ ಯಾರಿಗಿತ್ತು? ಪರದೇಶದವರಿಗೆ ಮಾಡಿಕೊಟ್ಟದ್ದನ್ನು ಸ್ವಂತ ದೇಶಕ್ಕೆ ಮಾಡುವುದಿಲ್ಲವಂತೆ ಎಂದು ಪೇಟೆಯಲ್ಲಿ ಮಾತು ಹಬ್ಬಿತು. ಕೈ ಮುಗಿದವರು ಮುಖ ತಿರುಗಿಸಿದರು. ಚಹಾದ ಅಂಗಡಿಯವನು ಅವರ ಲೋಟವನ್ನು ಎಲ್ಲರಿಗಿಂತ ಕೊನೆಗೆ ತಂದಿಡತೊಡಗಿದ. ಅವರು ಅದನ್ನು ತಮಗೆ ಸಲ್ಲಬೇಕಾದ್ದೇ ಎಂಬಂತೆ ಕುಡಿದು ಹೋಗುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಅವರ ಪ್ರಯೋಗಶಾಲೆಯ ಮೇಜಿನ ಮೇಲೆ ಒಂದು ಪೊಟ್ಟಣ ಕಂಡಿತು. ಬಿಚ್ಚಿದರೆ ಹಸಿರು ಗಾಜಿನ ಬಳೆ. ಗಂಡಸಿಗೆ ಬಳೆ ಕಳಿಸುವುದೆಂದರೆ ಏನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಹೇಡಿ, ತೊಟ್ಟುಕೊಂಡು ಮನೆಯೊಳಗೆ ಕೂತುಕೋ’ ಎಂದು ಅರ್ಥ. ಯಾರೋ ಹುಡುಗರ ಕೆಲಸವೆಂದು ಡ್ರಾಯಿಂಗ್ ಮಾಸ್ತರು ಕಿಸಕ್ಕನೆ ನಕ್ಕರು, ಅಲ್ಲಿದ್ದ ನಾವೂ ನಕ್ಕೆವು. ಹೆಡ್ಮಾಸ್ತರರು ಬೆತ್ತ ತರಲು ಹೋದರು.

ಮಾಸ್ತರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಒಂದು ಬಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒಳಮೈ ಸವರಿದರು. ಎರಡು ಬಳೆಗಳನ್ನು ಒಂದಕ್ಕೊಂದು ತಾಗಿಸಿ ಕಿವಿಯ ಹತ್ತಿರ ಹಿಡಿದರು. ಆಮೇಲೆ ಅವನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತರು.

“ಇವು ಅಂಗಡಿಯಿಂದ ತಂದದ್ದಲ್ಲ,” ಎಂದರು. “ಹೊಸತಲ್ಲ. ತೊಟ್ಟು ತೆಗೆದದ್ದು. ಸಣ್ಣ ಕೈ. ಸಾಬೂನು ಹಚ್ಚಿ, ಒಡೆಯದಂತೆ ತೆಗೆದಿದ್ದಾರೆ. ಒಂದೂ ಒಡೆದಿಲ್ಲ ನೋಡಿ.”

ಯಾರೂ ನಗಲಿಲ್ಲ. ಆ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಹುಡುಗನೊಬ್ಬ ಅಳುತ್ತ ಒಪ್ಪಿಕೊಂಡ. ತೀರಿಕೊಂಡ ಸೈನಿಕನ ನೆರೆಮನೆಯ ಹುಡುಗ. “ನಾನೇ ತಂದಿಟ್ಟದ್ದು ಸರ್. ಅವನ ಅಬ್ಬೆ ಕೊಟ್ಟಿದ್ದು. ಮಾಸ್ತ್ರಿಗೆ ಕೊಡು ಅಂದ್ಲು,” ಎಂದ. ಹೆಡ್ಮಾಸ್ತರರ ಬೆತ್ತ ಗೋಡೆಗೆ ಒರಗಿತು.

ಅಂದು ಶನಿವಾರವಾದರೂ ಅವರು ಊರಿಗೆ ಹೋಗಲಿಲ್ಲ. ಇದನ್ನೆಲ್ಲ ಬಳೆ ನೋಡಿ ಹೇಗೆ ತಿಳಿದಿರಿ ಎಂದು ಆ ಸಂಜೆ ಕೇಳಿದೆ. ಅವರ ತಂದೆ ಬಳೆಗಾರನಂತೆ. ಭಟ್ಕಳ, ಜಾಲಿಯ ಓಣಿಗಳಲ್ಲಿ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ತಿರುಗಿದವನು. ಹಿಂದೂಗಳ ಮನೆಯೂ ಸೈ, ನವಾಯತ ಮುಸಲ್ಮಾನರ ಮನೆಯೂ ಸೈ. ಹಾಗೆ ಹೋಗುತ್ತಿದ್ದ ಮನೆಯ ನವಾಯತ ಸಾಹುಕಾರನೊಬ್ಬನೇ ಬುದ್ಧಿವಂತ ಹುಡುಗನನ್ನು ಮುಂಬೈಗೆ ಕರೆದುಕೊಂಡು ಹೋಗಿ ಓದಿಗೆ ಹಚ್ಚಿದ. ಇದನ್ನು ಅವರು ಮುಚ್ಚಿಟ್ಟಿರಲಿಲ್ಲ, ನಾವು ಯಾರೂ ಕೇಳಿರಲಿಲ್ಲ ಅಷ್ಟೆ. ವಿಲಾಯತಿಯ ಬಗ್ಗೆ ಕೇಳಿದ್ದೇ ಕೇಳಿದ್ದು.

“ಅಪ್ಪ ಮಲಾರ ಕಟ್ಟುವುದನ್ನು ನೋಡಬೇಕಿತ್ತು ನೀವು. ಬೇರೆಯವರು ಬಳೆಗಳ ನಡುವೆ ಮೆತ್ತಗೆ ಹುಲ್ಲು ಇಡ್ತಿದ್ರು. ಅಪ್ಪ ಇಡ್ತಿರಲಿಲ್ಲ. ಒಂದೇ ಅಳತೆಯ ಬಳೆ ಪೋಣಿಸಿ, ಉಸಿರಾಡೂಕೂ ಜಾಗ ಬಿಡದ ಹಾಗೆ ಬಿಗಿದು ಕಟ್ತಿದ್ದ. ಬಳೆ ಏಟಿಗೆ ಒಡೆಯೂದಿಲ್ಲ, ಒಳಗೊಳಗೇ ಅಲ್ಲಾಡಿ ಒಡೀತದೆ ಅಂತಿದ್ದ. ಒಂದ್ಸಲ ಬಂಡಿಯಿಂದ ಬಿದ್ದರೂ ಅವನ ಬಳೆ ಒಡೀಲಿಲ್ಲ.”

ಮುಂದೇನು ಬರುತ್ತದೆಂದು ನನಗೆ ಆಗಲೇ ಗೊತ್ತಾಗಿತ್ತು.

“ಅಲ್ಲಿ ಎಲ್ಲರೂ ವಾಲ್ವಿಗೆ ರಬ್ಬರು, ಹತ್ತಿ ಅಂತ ಮೆತ್ತೆ ಸುತ್ತಿ ನೋಡ್ತಿದ್ರು. ನಾನು ಹೇಳಿದೆ, ಮೆತ್ತೆ ಬೇಡ, ಬಿಗೀರಿ, ಒಳಗೆ ಮೇಣ ಹೊಯ್ದು ಕೂದಲೆಳೆಯಷ್ಟೂ ಅಲ್ಲಾಡದ ಹಾಗೆ ಮಾಡಿ ಅಂತ. ಬೇರೆ ಕಡೆ ಬೇರೆಯವರಿಗೂ ಅದು ಹೊಳೆದಿತ್ತು ಅಂತ ಆಮೇಲೆ ತಿಳೀತು. ನಮ್ಮ ಬೆಂಚಿನಲ್ಲಿ ಮೊದಲು ಹೇಳಿದವ ನಾನು. ಅದೇ ಹೊತ್ತಿಕೊಂಡದ್ದು. ಅಪ್ಪ ಹೆಂಗಸರ ಕೈಗೆ ಬಳೆ ತೊಡಿಸೂಕೆ ಕಲಿತ ವಿದ್ಯೆ ಮಾಸ್ತ್ರೇ. ನಾನು ಅದನ್ನು ಎಲ್ಲಿಗೆ ಕೊಟ್ಟೆ ನೋಡಿ. ಊರಿಗೆ ಬಂದಾಗ ಅಪ್ಪ ಕೇಳಿದ, ಅಲ್ಲಿ ಎಂತಾ ಕಲಿತೆ ಮಗಾ ಅಂತ. ರೇಡಿಯೋ ಅಂದೆ. ಅವನು ಸಾಯೂವರೆಗೂ ರೇಡಿಯೋ ಅಂತಲೇ ಹೇಳಿದೆ.”

ಮರುದಿನ ಭಾನುವಾರ. ಆ ಸೈನಿಕನ ಮನೆಗೆ ಹೋಗೋಣವೆಂದರು. ನನ್ನ ಜೊತೆ ಬೇಕೆಂದು ಕೇಳಲಿಲ್ಲ, ನಾನೇ ಹೋದೆ. ಬಸ್ಸಿಳಿದು ಗದ್ದೆಯಂಚಿನ ಹಾಳಿಯ ಮೇಲೆ ನಡೆದೆವು. ಬಳೆಗಳನ್ನು ದಾರದಲ್ಲಿ ಪೋಣಿಸಿ ಬಿಗಿದು ಕಟ್ಟಿಕೊಂಡಿದ್ದರು. ದಾರಿಯುದ್ದಕ್ಕೂ ಚೀಲದೊಳಗಿಂದ ಸದ್ದೇ ಬರಲಿಲ್ಲ.

ತಾಯಿ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಎತ್ತರದ, ಗಟ್ಟಿ ಎಲುಬಿನ ಹೆಂಗಸು. ನಮ್ಮನ್ನು ನೋಡಿ ಎದ್ದು ಚಾಪೆ ಹಾಕಿದಳು. “ಕುಂತ್ಕಳಿ,” ಎಂದಳು. ಮಾಸ್ತರು ಕೂರಲಿಲ್ಲ.

“ಬಳೆ ಕಳ್ಸಿದ್ದು ನಾನೇ,” ಎಂದು ಅವಳೇ ಶುರು ಮಾಡಿದಳು. “ಸೊಸೆ ಬಳೆ ಒಡೆಯೂಕೆ ನಂಗೆ ಕೈ ಬರ್ಲಿಲ್ಲ. ಇನ್ನೂ ಸಣ್ಣ ಹುಡ್ಗಿ ಅದು. ಸಾಬೂನು ಹಚ್ಚಿ ತೆಗ್ದೆ. ತೆಗ್ದು ಎಂತಾ ಮಾಡೂದು? ಅಷ್ಟೊತ್ತಿಗೆ ಜನ ಹೇಳ್ದ್ರು, ಹೊನ್ನಾವರದ ಮಾಸ್ತ್ರೊಬ್ರಿಗೆ ಗುಂಡು ಮಾಡೂ ವಿದ್ಯೆ ಬರ್ತದಂತೆ, ಆದ್ರೆ ಮಾಡೂದಿಲ್ಲ ಅಂದ್ರಂತೆ ಅಂತ. ಸಿಟ್ಟು ಬಂತು. ಕಳ್ಸ್ದೆ.”

ನನಗೆ ತಡೆಯಲಾಗಲಿಲ್ಲ. ಅಧಿಕಾರಿ ಬಂದು ಕರೆದದ್ದು ನಿಮ್ಮ ಮಗ ತೀರಿಕೊಂಡ ಮೇಲೆ, ಇವರದೇನೂ ತಪ್ಪಿಲ್ಲ ಎನ್ನಲು ಬಾಯಿ ತೆಗೆದೆ. ಮಾಸ್ತರು ನನ್ನ ತೋಳು ಹಿಡಿದು ಸುಮ್ಮನಾಗಿಸಿದರು.

“ಹೋದವ್ನ ವಿಷ್ಯ ಅಲ್ಲ ನಾ ಹೇಳೂದು,” ಎಂದಳು ಅವಳು, ನನ್ನ ಮನಸ್ಸಿನಲ್ಲಿದ್ದದ್ದನ್ನು ಓದಿದವಳಂತೆ. “ಸಣ್ಣ ಮಗ್ನೂ ಮಿಲಿಟ್ರಿಲೇ ಇದ್ದಾನೆ. ಅವಂಗೂ ಮದ್ವೆ ಗೊತ್ತಾಗ್ಯದೆ. ಮತ್ತೆ ಯುದ್ಧ ಬಂದ್ರೆ ಅವ್ನ ಕೈಲಿ ಎಂತಾ ಇರ್ತದೆ? ನಿಮ್ಗೆ ವಿದ್ಯೆ ಗೊತ್ತದೆ. ಇಟ್ಕಂಡು ಎಂತಾ ಮಾಡ್ತ್ರಿ?”

ಮಾಸ್ತರು ಚಪ್ಪಲಿ ಬಿಟ್ಟು ಬಂದಿದ್ದರು. ಬರಿಗಾಲನ್ನೇ ನೋಡುತ್ತ ನಿಂತರು. ಆಮೇಲೆ ಹೊಳೆಯ ನಡುವೆ ನನಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದರು. ಗಾಜು, ಗದ್ದೆ, ಕುಣಿದದ್ದು, ಕಂದಕ, ಚಪ್ಪಾಳೆ, ಯಾವುದನ್ನೂ ಬಿಡಲಿಲ್ಲ. “ಆ ಬದೀಲೂ ಹೀಗೆ ಜಗಲಿ ಮೇಲೆ ಕೂತವರು ಇದ್ರು ಅಮ್ಮಾ. ನಾನು ಆಗ ನೆನೆಸ್ಲೇ ಇಲ್ಲ,” ಎಂದರು.

ತಾಯಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದಳು. ಬಾಗಿಲ ಒಳಗಡೆಯಿಂದ ಒಂದು ದನಿ ಕೇಳಿತು. ಅಲ್ಲಿಯವರೆಗೂ ಆ ಹುಡುಗಿ ಅಲ್ಲಿ ನಿಂತಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ.

“ಆ ಬದಿಯ ಹೆಂಗಸ್ರು ಬಳೆ ತೊಡ್ತ್ರಾ?” ಎಂದು ಕೇಳಿತು ದನಿ.

ಮಾಸ್ತರು ಬಾಗಿಲ ಕಡೆ ತಿರುಗಿದರು. “ಇಲ್ಲ ಮಗಾ. ಅಲ್ಲಿಯವ್ರು ತೊಡೂದಿಲ್ಲ,” ಎಂದರು. ಆಮೇಲೆ, “ಅದ್ಕೇ ಇರ್ಬೇಕು, ನಂಗೆ ಸದ್ದೇ ಕೇಳಿಸ್ಲಿಲ್ಲ,” ಎಂದರು.

ಬಳೆಗಳನ್ನು ಜಗಲಿಯ ಮೇಲಿಟ್ಟರು. ಹುಡುಗಿ ಬಂದು ತೆಗೆದುಕೊಳ್ಳಲಿಲ್ಲ. ತಾಯಿ ನಮಗೆ ಮಜ್ಜಿಗೆ ಕೊಟ್ಟಳು, ಕುಡಿದು ಬಂದೆವು.

ಬರುವಾಗ ಅವರು ಹಾಳಿಯ ಮೇಲೆ ಎರಡು ಸಲ ಎಡವಿದರು. ನಾನು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ. ಒಬ್ಬ ತಾಯಿಯ ಎದುರು ನಿಂತು ಇಷ್ಟು ನಿಜ ಹೇಳಿದ ಮನುಷ್ಯನನ್ನು ಇನ್ನು ಯಾವ ಸರಕಾರವೂ ಅಲ್ಲಾಡಿಸಲಾರದೆಂದು ನನ್ನ ಎಣಿಕೆ. ಕನ್ನಡ ಮಾಸ್ತರರಿಗೆ ಇಂಥ ಎಣಿಕೆ ಬೇಗ ಬರುತ್ತದೆ. ತಿಂಗಳೊಳಗೆ ಅವರು ರಾಜೀನಾಮೆ ಕೊಟ್ಟು, ಆ ಅಧಿಕಾರಿ ಕರೆದ ಕಡೆಗೆ ಹೊರಟು ನಿಂತರು.

ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನ ಹತ್ತಿರ ಹೋಗಿ, “ನಾಚಿಕೆ ಅಂತ ಅಷ್ಟೆಲ್ಲ ಹೇಳಿದ್ರಲ್ಲ, ಅದೆಲ್ಲಿ ಹೋಯ್ತು?” ಎಂದು ಕೇಳಿಯೇಬಿಟ್ಟೆ. ಊರವರು ಅವರಿಗೆ ಹಾಕಿದ ಹಾರ ಕಂಡಕ್ಟರನ ಸೀಟಿನ ಮೇಲೆ ಬಿದ್ದಿತ್ತು.

“ಅದೂ ಬರ್ತಾ ಇದೆ ಜೊತೆಗೆ,” ಎಂದರು. “ನಾನು ಹೋಗದಿದ್ರೆ ಬೇರೆ ಯಾರೋ ಹೋಗ್ತಾರೆ. ಮಾಡಿ ಚಪ್ಪಾಳೆ ತಟ್ತಾರೆ. ಆ ಹೆಂಗಸಿಗೆ ಬೇಕಾದದ್ದನ್ನು ಮಾಡೂಕೆ ನನ್ನಂಥ ನಾಚಿಕೆ ಇರೋನೇ ಆಗಬೇಕೇನೋ. ನಂಗೂ ಗೊತ್ತಿಲ್ಲ ಮಾಸ್ತ್ರೇ. ತಪ್ಪಾದರೆ ಇದೂ ನನ್ನದೇ.” ಬಸ್ಸು ಹೊರಟಿತು. ನಾನು ಕೈ ಎತ್ತಲಿಲ್ಲ.

ಮೂರು ವರ್ಷ ತುಂಬುವುದರೊಳಗೆ ಇನ್ನೊಂದು ಯುದ್ಧ ಬಂತು, ಈ ಸಲ ಪಾಕಿಸ್ತಾನದ ಗಡಿಯಲ್ಲಿ. ಅದು ಮುಗಿದ ಮೇಲೆ ಅವರು ರಜೆಯ ಮೇಲೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರು ಅಲ್ಲಿ ಏನು ಮಾಡಿದರು, ಮಾಡಿದ್ದು ಆ ಯುದ್ಧಕ್ಕೆ ಹೋಯಿತೇ ಇಲ್ಲವೇ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. “ಆ ಮನೆಗೆ ಹೋಗಬೇಕು, ಬರ್ತೀರಾ?” ಎಂದಷ್ಟೇ ಕೇಳಿದರು. ನನ್ನ ಸಿಟ್ಟು ಅಷ್ಟರಲ್ಲಿ ಹಳೆಯದಾಗಿತ್ತು. ಹೋದೆ.

ಸಣ್ಣ ಮಗ ಜಗಲಿಯಲ್ಲಿ ಕೂತಿದ್ದ. ಒಂದು ಗೀರೂ ಆಗದೆ ಗಡಿಯಿಂದ ಬಂದಿದ್ದ. ತಾಯಿ ನಮ್ಮನ್ನು ನೋಡಿ ಓಡಿ ಬಂದು, ಹೇಳಲು ಕೇಳಲು ಬಿಡದೆ ಮಾಸ್ತರರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. “ನೀವು ಹೋದ್ರಿ ಅಂತ ಕೇಳ್ದೆ. ನನ್ ಮಗ ಬದ್ಕಿ ಬಂದ,” ಎಂದು ಅತ್ತಳು. “ಅದು ನನ್ನಿಂದ ಅಂತ ಹೇಳೂಕಾಗೂದಿಲ್ಲ ಅಮ್ಮಾ,” ಎಂದು ಮಾಸ್ತರು ಹಿಂದೆ ಹಿಂದೆ ಸರಿದರು. ಅವಳು ಕೇಳಿಸಿಕೊಳ್ಳಲಿಲ್ಲ. “ಆತು, ಆತು, ಕುಂತ್ಕಳಿ ಈಗ,” ಎಂದು ಕೈ ಹಿಡಿದು ಕೂರಿಸಿದಳು. ನನಗೂ ಆ ಗಳಿಗೆಯಲ್ಲಿ ಸಂತೋಷವಾಯಿತು. ಸಣ್ಣ ಸೊಸೆ ಕೈತುಂಬ ಬಳೆ ಸದ್ದು ಮಾಡಿಕೊಂಡು ಚಹಾ ತಂದಿಟ್ಟಳು.

ಅವಳ ಹಿಂದೆ ದೊಡ್ಡ ಸೊಸೆ ಬಂದು ಬಾಗಿಲಿಗೆ ಒರಗಿ ನಿಂತಳು. ಮೊದಲ ಸಲ ಅವಳ ಮುಖ ನೋಡಿದೆ. ಇನ್ನೂ ಹುಡುಗಿಯೇ. ನಾವು ಚಹಾ ಕುಡಿಯುವವರೆಗೂ ಕಾದಳು. ಆಮೇಲೆ, ಆಪಾದನೆಯ ದನಿಯಲ್ಲಿ ಅಲ್ಲ, ಗೊತ್ತಿಲ್ಲದ್ದನ್ನು ತಿಳಿದವರ ಹತ್ತಿರ ಕೇಳುವ ದನಿಯಲ್ಲಿ ಕೇಳಿದಳು:

“ಮಾಸ್ತ್ರೇ, ಈ ಸಲದ ಆ ಬದಿಯವ್ರು ಬಳೆ ತೊಡ್ತ್ರು, ಅಲ್ದಾ?”

ಮಾಸ್ತರು ಲೋಟ ಕೆಳಗಿಟ್ಟರು. ಸಣ್ಣ ಸೊಸೆಯ ಕೈಯನ್ನು ಒಮ್ಮೆ ನೋಡಿದರು.

“ತೊಡ್ತ್ರು ಮಗಾ,” ಎಂದರು. “ಇಂಥವೇ.”